ಹರಿವಾಣದ ವೀಳ್ಯ

ಶೀನಪ್ಪ ಗುರಿಕಾರರ ಎಲೆಯಡಿಕೆ ಸಂಚಿ ದೋಣಿಯಿಂದ ಇಳಿಯುವಾಗ ನೀರಿಗೆ ಬಿತ್ತು. ಆ ದಿನದ ಗ್ರಹಚಾರ ಅಲ್ಲಿಂದಲೇ ಶುರುವಾದದ್ದು. ಹೊಳೆಯಾಚೆಯ ಬೆಂಗ್ರೆಯಿಂದ ಪೇಟೆಯ ಬಲ್ಮಠದ ಸಭಾಭವನಕ್ಕೆ ಬರುವಷ್ಟರಲ್ಲಿ ಮುದುಕರ ದವಡೆ ಬರಿದೇ ಆಡತೊಡಗಿತ್ತು. ಪಕ್ಕದಲ್ಲಿ ಕೂತ ಸೊಸೆ ಕುಶಲಾಳಿಗೆ ಅದನ್ನು ನೋಡಿಯೇ ಕಳವಳ.

ಸಭೆ ಕರೆದದ್ದು ಸರಕಾರದ ಹೊಸ ಇಂಧನ ಸಮಿತಿ. ಇಸವಿ ಎಂಬತ್ತಮೂರು, ಕರೆಂಟು ಬಂದರೆ ಬಂತು, ಹೋದರೆ ಹೋಯಿತು ಎನ್ನುವ ಕಾಲ. ಬೆಂಗಳೂರಿನಿಂದ ಬಂದ ಅಧಿಕಾರಿ ಚೆನ್ನಾಗಿಯೇ ಮಾತಾಡಿದ. ಕಲ್ಲಿದ್ದಲು ಒಂದು ದಿನ ಮುಗಿಯುತ್ತದೆ, ಗಾಳಿ ಮುಗಿಯುವುದಿಲ್ಲ. ದೇಶವೇ ಆ ದಾರಿ ಹಿಡಿಯಬೇಕು. ಬೆಂಗ್ರೆಯ ಮರಳಿನ ಮೇಲೆ ಗಾಳಿಯಂತ್ರ ನಿಲ್ಲಿಸುತ್ತೇವೆ, ಆದರೆ ಜನರನ್ನು ಕೇಳದೆ ಒಂದು ಗುದ್ದಲಿಯನ್ನೂ ಹಾಕುವುದಿಲ್ಲ ಎಂದ. ಕುಶಲಾಳಿಗೆ ಗಾಳಿಯ ಮೇಲೆ ಎಂತ ಸಿಟ್ಟು? ಚಿಮಣಿ ದೀಪದ ಹೊಗೆ ಕುಡಿದು ಸಾಕಾದವಳು ಅವಳು. ಆದರೆ ಗೋಡೆಗೆ ತೂಗುಹಾಕಿದ ನಕ್ಷೆಯಲ್ಲಿ ಗಾಳಿಯಂತ್ರದ ಸುತ್ತ ಹಾಕುವ ಬೇಲಿಯ ಗೆರೆ ಹೋದದ್ದು ಸರಿಯಾಗಿ ಬಲೆ ಎಳೆಯುವ, ಮೀನು ಒಣಗಿಸುವ ಜಾಗದ ಮೇಲೆ. ಆ ಮರಳು ಹೋದರೆ ಊರಿನ ಅನ್ನ ಹೋಯಿತು. ಅದನ್ನು ಹೇಳಲೆಂದೇ ಊರವರು ಬಂದದ್ದು. ಹೇಳಬೇಕಾದವರು ಊರಿನ ಹಿರಿಯರಾದ ಗುರಿಕಾರರು.

ಕರಾವಳಿಯ ಮರ್ಯಾದೆ ಎಂದು ಯಾರು ಹೇಳಿಕೊಟ್ಟಿದ್ದರೋ ಏನೋ, ಅಧಿಕಾರಿ ವೀಳ್ಯದೆಲೆಯ ಹರಿವಾಣ ಹಿಡಿದು ತಾನೇ ವೇದಿಕೆ ಇಳಿದು ಬಂದ.

ಬೆಂಗ್ರೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಭೆಯಲ್ಲಿ ಮಾತಾದ ಮೇಲೆ ಕೊಟ್ಟ ವೀಳ್ಯವನ್ನು ಗುರಿಕಾರರು ತೆಗೆದುಕೊಂಡರೆ ಊರು ಒಪ್ಪಿದಂತೆ. ಮದುವೆಗೂ ಹಾಗೆಯೇ, ಜಗಳದ ತೀರ್ಮಾನಕ್ಕೂ ಹಾಗೆಯೇ. ಆಮೇಲೆ ಯಾರೂ ತುಟಿಪಿಟಕ್ಕೆನ್ನುವಂತಿಲ್ಲ. ಪಾಪ, ಆ ಮನುಷ್ಯನಿಗೆ ಇದೆಲ್ಲ ಎಲ್ಲಿ ಗೊತ್ತು?

ಹರಿವಾಣ ಹತ್ತಿರ ಬಂತು. "ಮಾವ, ಬೇಡ," ಕುಶಲಾ ಪಿಸುಗುಟ್ಟಿದಳು. ಮುದುಕರ ಕಣ್ಣು ಎಲೆಯ ಮೇಲೆಯೇ ಇತ್ತು. ಹಾಳು ಚಟ, ಕೈ ತಾನಾಗಿಯೇ ಹೋಯಿತು. ಎಲೆ ಬಾಯಿ ಸೇರಿದ ಮೇಲೆ ಅವರಿಗೆ ತಾವು ಮಾಡಿದ್ದು ಹೊಳೆಯಿತು. ದವಡೆ ಅಲ್ಲಿಗೇ ನಿಂತಿತು.

"ಬೆಂಗ್ರೆಯವರದು ಏನಾದರೂ ಆಕ್ಷೇಪ ಇದೆಯಾ?" ಅಧಿಕಾರಿ ಕೇಳಿದ. ಒಬ್ಬರೂ ಉಸಿರೆತ್ತಲಿಲ್ಲ. "ಇಲ್ಲ ಅಂತಾಯ್ತು. ಸಂತೋಷ."

ಕುಶಲಾ ಎದ್ದು ನಿಂತಳು. ಮಾವನೆದುರು ಸಭೆಯಲ್ಲಿ ಎಂದೂ ಬಾಯಿ ಬಿಟ್ಟವಳಲ್ಲ.

"ಸರ್, ನಮ್ಮಲ್ಲಿ ವೀಳ್ಯ ತಗೊಂಡವರು ಮಾತ್ರ ಅಲ್ಲ, ಕೊಟ್ಟವರೂ ಮಾತು ಕೊಟ್ಟ ಹಾಗೆ. ನಮ್ಮ ಮರಳು ನಮಗೆ ಬಿಡ್ತೇವೆ ಅಂತ ಕೊಟ್ಟದ್ದಾ ನೀವು? ಹೌದಾದ್ರೆ ಇಲ್ಲೇ ಹೇಳಿ."

ಅಧಿಕಾರಿ ನಕ್ಕ. "ಅಯ್ಯೋ ತಾಯಿ, ಅದಕ್ಕೆಲ್ಲ ಅರ್ಥ ಕಟ್ಟಬೇಡಿ. ಸುಮ್ಮನೆ ಉಪಚಾರಕ್ಕೆ ಕೊಟ್ಟಿದ್ದು. ಬರೀ ಎಲೆ ಅಡಿಕೆ ಅಷ್ಟೇ."

ಶೀನಪ್ಪ ಮೆಲ್ಲನೆ ಎದ್ದರು. ಬಾಯಲ್ಲಿದ್ದುದನ್ನು ಅಂಗೈಗೆ ಉಗಿದು ಹರಿವಾಣದ ನಡುವೆ ಇಟ್ಟರು. ಮುಖ ನಾಚಿಕೆಯಿಂದ ಕಪ್ಪಿಟ್ಟಿತ್ತು.

"ಹಾಗಾದ್ರೆ ನಾನು ತಗೊಂಡದ್ದೂ ಬರೀ ಎಲೆ ಮಾರಾಯ್ರೆ. ಊರಿನ ಒಪ್ಪಿಗೆ ಅಲ್ಲ. ಈಗ ಇನ್ನೊಮ್ಮೆ ಕೇಳಿ."

ಅಧಿಕಾರಿಯ ನಗು ಇಂಗಿತು. ಹರಿವಾಣವನ್ನು ಎಲ್ಲಿಡುವುದೆಂದು ತಿಳಿಯದೆ ನಿಂತ. ಕೊನೆಗೆ, ಬೆಂಗ್ರೆಯವರು ಏನು ಹೇಳುತ್ತೀರಿ ಎಂದು ಕೇಳಿದ, ಈ ಸಲ ತಗ್ಗಿದ ದನಿಯಲ್ಲಿ.

ಎಲ್ಲರೂ ಗುರಿಕಾರರ ಕಡೆ ನೋಡಿದರು. ಅವರು ಹೆಗಲ ಬೈರಾಸಿನಿಂದ ತುಟಿ ಒರೆಸಿಕೊಂಡು ಸೊಸೆಯ ಕಡೆ ತಿರುಗಿದರು.

"ನನ್ನ ಬಾಯಿ ಕೆಟ್ಟಿತು ಮಗಾ. ಊರಿನ ಮಾತು ನೀನು ಹೇಳು."

ಕುಶಲಾ ನಕ್ಷೆಯ ಹತ್ತಿರ ನಡೆದು, ಬೇಲಿಯ ಗೆರೆಯ ಮೇಲೆ ಬೆರಳಿಟ್ಟಳು.