ಚೀಲದೊಳಗಿನ ಕಾರು

ಹೆಡ್‌ಲೈಟಿನ ಬಳೆ ಲಾರಿಯದು. ಅದರಲ್ಲಿ ಮೇಸ್ತ್ರಿಗೆ ಅನುಮಾನವೇ ಇರಲಿಲ್ಲ. ಬಾಗಿಲಿನ ಹಿಡಿ ಯಾವುದೋ ಹಳೆಯ ವ್ಯಾನಿನದು. ಸ್ಟೀರಿಂಗ್ ಚಕ್ರ ಮಾತ್ರ ಕಾರಿನದೇ, ಅದೂ ಒಳ್ಳೆಯ ಜಾತಿಯ ಕಾರಿನದು. ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಸೀಮೆಎಣ್ಣೆಯ ಬಟ್ಟೆಯಿಂದ ಮತ್ತೊಮ್ಮೆ ಒರೆಸಿದ. ಬೆಳಿಗ್ಗೆಯಿಂದ ಇದೇ ಆಗಿತ್ತು. ಗ್ಯಾರೇಜಿನ ಬಾಗಿಲಲ್ಲಿ ಗಿರಾಕಿಯೊಬ್ಬನ ಕಾರು ಬಾಯಿ ತೆರೆದುಕೊಂಡು ನಿಂತಿತ್ತು. ಅದರ ಕಡೆ ತಿರುಗಿ ನೋಡುವ ಮನಸ್ಸೂ ಇರಲಿಲ್ಲ. ಸೊಂಟ ಹಿಡಿದುಕೊಂಡಿತ್ತು, ಕಣ್ಣು ಉರಿಯುತ್ತಿತ್ತು.

"ಇದು ಕಾರಲ್ಲ ಕಣಯ್ಯ, ಗುಜರಿ ಅಂಗಡಿಯವನ ಮದುವೆ ದಿಬ್ಬಣ," ಎಂದ ತಗಡಣ್ಣ. ನಜ್ಜುಗುಜ್ಜಾದ ಗಾಡಿಗಳ ತಗಡು ಬಡಿದು ಸರಿಮಾಡುವವನು ಅವನು; ಮೇಸ್ತ್ರಿಯ ಗ್ಯಾರೇಜಿನಲ್ಲೇ ತಲೆ ನೆರೆತವನು. "ಹೆಣ್ಣಿನ ಕಡೆಯವರು ಯಾರು, ಗಂಡಿನ ಕಡೆಯವರು ಯಾರು, ಒಂದೂ ತಿಳಿಯೋಲ್ಲ."

"ಬಾಯಿ ಮುಚ್ಚಿಕೊಂಡು ಬಡಿ. ನಾಳೆ ಬೆಳಿಗ್ಗೆಯ ಒಳಗೆ ಇದರ ಹೆಸರು ಬೇಕು ನನಗೆ."

ನಾಳೆ ಬೆಳಿಗ್ಗೆ ಚಿಕ್ಕಪ್ಪ ಬರುವವನಿದ್ದ. ಬರುವುದಷ್ಟೇ ಅಲ್ಲ, ಇರುವುದಕ್ಕೇ ಬರುವವನಿದ್ದ. ಕಣ್ಣು ಮಂಜಾಗಿದೆ, ನೋಡಿಕೊಳ್ಳುವವರಿಲ್ಲ ಎಂದು ಅಮ್ಮನೇ ಕರೆಸಿದ್ದಳು. ಅವನಿಗೆ ಜಾಗ ಮಾಡಲೆಂದು ನಿನ್ನೆ ತಂಗಿ ಬಂದು ಅಮ್ಮನ ಮಂಚದ ಕೆಳಗೆ ಗುಡಿಸಿದಾಗ ಈ ಚೀಲ ಸಿಕ್ಕಿತ್ತು. ಒಳಗೆ ಈ ಸಾಮಾನುಗಳು, ಬಟ್ಟೆಯಲ್ಲಿ ಸುತ್ತಿದ ಒಂದು ಫೋಟೋ. ಫೋಟೋದಲ್ಲಿ ಅಪ್ಪ ಕಾರಿನ ಸ್ಟೀರಿಂಗ್ ಹಿಡಿದು ಕೂತಿದ್ದ. ತೊಡೆಯ ಮೇಲೆ ಐದಾರು ವರ್ಷದ ಮೇಸ್ತ್ರಿ ಹಲ್ಲು ಬಿಡುತ್ತಿದ್ದ. ಹಿಂದೆ ಸಾಲು ಮರಗಳು. ಅದನ್ನು ಕಂಡದ್ದೇ ಮೇಸ್ತ್ರಿಗೆ ರಕ್ತ ತಲೆಗೇರಿತ್ತು.

"ಬರಲಿ ಅವನು," ಎಂದು ತಂಗಿಯ ಮುಂದೆ ಕೂಗಾಡಿದ್ದ. "ಹೊಸಿಲ ಆಚೆಯೇ ನಿಲ್ಲಿಸಿ ಕೇಳ್ತೀನಿ. ಇಂಥ ಕಾರು, ಇಂಥ ಕಾಲದ್ದು, ಯಾರಿಗೆ ಮಾರಿದೆ ಅಂತ. ಬಾಯಿ ಬಿಟ್ಟರೆ ಒಳಗೆ. ಇಲ್ಲದಿದ್ದರೆ ಬಂದ ಬಸ್ಸಿಗೇ ವಾಪಸ್ಸು."

"ಮುದುಕನ ಜೊತೆ ಏನು ಜಗಳವೋ ನಿಂದು," ಎಂದಿದ್ದಳು ತಂಗಿ. ಅವಳಿಗೇನು ಗೊತ್ತು? ಆಗ ಅವಳು ಕೈಕೂಸು.

ಮೇಸ್ತ್ರಿಗೆ ಅಪ್ಪನ ಮುಖವಾದರೂ ಮಸುಕಾಗಿತ್ತು, ಆ ಕಾರು ಮಸುಕಾಗಿರಲಿಲ್ಲ. ಅಪ್ಪನದು ಒಂದು ಸಣ್ಣ ಫೋಟೋ ಸ್ಟುಡಿಯೋ. ಅದರ ಹಿಂದಿನ ಕೊಟ್ಟಿಗೆಯಲ್ಲಿ ಕಾರಿತ್ತು. ಅಪ್ಪನ ತೊಡೆಯ ಮೇಲೆ ಕೂತು ಹೊರಟರೆ ಮರಗಳು ಒಂದರ ಹಿಂದೊಂದು ಓಡುತ್ತಿದ್ದವು. ಆಮೇಲೆ ಅಪ್ಪ ಹಾಸಿಗೆ ಹಿಡಿದ. ಒಂದು ಸಂಜೆ ಹೋಗಿ ನೋಡಿದರೆ ಕೊಟ್ಟಿಗೆ ಬರಿದು. ಬಾಗಿಲಲ್ಲಿ ಕೂತಿದ್ದ ಚಿಕ್ಕಪ್ಪ ತಲೆಯೆತ್ತದೆ, "ಕಾರು ಹೋಯ್ತು ಕಣೋ ಮರಿ," ಎಂದ. ಅಪ್ಪ ತೀರಿಕೊಂಡ ಮೇಲೆ ಚಿಕ್ಕಪ್ಪ ಕೆಲಸ ಹುಡುಕಿಕೊಂಡು ಊರು ಬಿಟ್ಟ. ಅದಕ್ಕೂ ಇದಕ್ಕೂ ಗಂಟು ಹಾಕಲು ಆ ವಯಸ್ಸಿನ ಹುಡುಗನಿಗೆ ಬೇರೇನು ಬೇಕಿತ್ತು? ಮುಂದೆ ತಂಗಿಯ ಮದುವೆಗೆ ಉಡುಗೊರೆ ಹಿಡಿದು ಬಂದ ಚಿಕ್ಕಪ್ಪನನ್ನು ನೆಂಟರ ಎದುರೇ ಗೇಟಿನಿಂದ ಅಟ್ಟಿದ್ದು ಮೇಸ್ತ್ರಿಯೇ.

ಕಾರ್ಬುರೇಟರಿನ ಸಣ್ಣ ತೂತುಗಳನ್ನು ನೋಡುವ ಭೂತಗನ್ನಡಿ ಹಿಡಿದು ಅವನು ಫೋಟೋದ ಮೇಲೆ ಬಗ್ಗಿದ. ಮೊದಲು ದೀಪ ನೋಡಿದ, ಆಮೇಲೆ ಬಾನೆಟ್ಟು, ಆಮೇಲೆ ಬಾಗಿಲು. ಬಾಗಿಲಿನ ಸುತ್ತ ಸಂದು ಕಾಣಲಿಲ್ಲ. ಇದ್ದದ್ದು ಬರೀ ಗೆರೆ, ಕುಂಚದಿಂದ ಎಳೆದಂಥ ಗೆರೆ. ಟೈರಿಗೆ ಬಂದ. ಒಬ್ಬ ಗಂಡಸು, ಒಬ್ಬ ಹುಡುಗ ಕೂತ ಗಾಡಿಯ ಟೈರು ನೆಲ ಮುಟ್ಟುವಲ್ಲಿ ಕೊಂಚವಾದರೂ ಹೊಟ್ಟೆ ಬಿಡಬೇಕು. ಇದು ತಟ್ಟೆಯ ಹಾಗೆ ದುಂಡಗಿತ್ತು.

ಭೂತಗನ್ನಡಿ ಕೆಳಗಿಟ್ಟು ಸ್ಟೀರಿಂಗನ್ನು ತಿರುವಿ ಹಾಕಿದ. ಅದರ ಸರಳನ್ನು ಗೇಣುದ್ದಕ್ಕೆ ಗರಗಸದಲ್ಲಿ ಕೊಯ್ದಿದ್ದರು. ತುದಿಗೆ ಒಂದು ಮರದ ತುಂಡು, ಮರಗೆಲಸದ ಸ್ಕ್ರೂಗಳು. ಲಾರಿಯ ಬಳೆಯಲ್ಲೂ ಅದೇ ಸ್ಕ್ರೂ, ಅದರ ಎಳೆಗಳಲ್ಲಿ ಒಣಗಿದ ಮರದ ಪುಡಿ. ಬೆಳಿಗ್ಗೆಯಿಂದ ಇವನ್ನೆಲ್ಲ ನೋಡುತ್ತಲೇ ಇದ್ದ. ನೋಡಿ, ಯಾವನೋ ಅಡ್ಡಾದಿಡ್ಡಿ ರಿಪೇರಿ ಮಾಡಿದ್ದಾನೆ ಎಂದು ಬೈದು ಪಕ್ಕಕ್ಕಿಟ್ಟಿದ್ದ.

"ಹಲಗೆ," ಎಂದ.

"ಏನು?"

"ಹಲಗೆ ಕಣೋ. ಹಲಗೆ ಕೊಯ್ದು ಬಣ್ಣ ಹೊಡೆದ ಕಾರು. ಫೋಟೋಕ್ಕೆ ಕೂರೋ ಕಾರು."

ತಗಡಣ್ಣನಿಗೆ ನಗು ಬಂದಿತ್ತು, ಮೇಸ್ತ್ರಿಯ ಮುಖ ನೋಡಿ ನುಂಗಿಕೊಂಡ. "ಸವಾರಿ ಹೋಗಿದ್ದೆ ಅಂತಿದ್ದೆಯಲ್ಲ?"

"ಹೋಗಿದ್ದೆ! ಮರ ಓಡಿದ್ದು ಕಣ್ಣಾರೆ ನೋಡಿದೀನಿ!" ಎಂದು ಅರಚಿ ಮೇಸ್ತ್ರಿ ಬಟ್ಟೆಯನ್ನು ಗೋಡೆಗೆ ಎಸೆದ.

ಮನೆಯಲ್ಲಿ ಅಮ್ಮ ಮಂಚದ ಮೇಲೆ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು. ಮೇಸ್ತ್ರಿ ಸ್ಟೀರಿಂಗನ್ನು ಅವಳ ಮುಂದಿಟ್ಟ.

"ಇದು ಹಲಗೆ ಕಾರಿಂದಾ?"

"ಮತ್ತಿನ್ನೇನು? ನಿಮ್ಮಪ್ಪನ ಮುಖಕ್ಕೆ ನಿಜವಾದ ಕಾರು ಬೇರೆ ಕೇಡು!" ಅಮ್ಮ ಚಕ್ರವನ್ನು ಸವರಿದಳು. "ಊರಿನೋರೆಲ್ಲ ಅದರಲ್ಲಿ ಕೂತು ಫೋಟೋ ತೆಗೆಸಿಕೊಂಡೋರೇ."

"ಮತ್ತೆ ಮರಗಳು?"

"ಪರದೆ. ಉದ್ದಕ್ಕೆ ನಿಮ್ಮಪ್ಪ ಬರೆದಿದ್ರು. ಎರಡು ಕಡೆ ಉರುಳೆ. ನಿನ್ನ ಚಿಕ್ಕಪ್ಪ ಹಿಂದೆ ಅಡಗಿ ಕೂತು ಉರುಳೆಯ ಹಿಡಿ ತಿರುಗಿಸ್ತಿದ್ದ. ಬಿಡ್ತಿದ್ಯಾ ನೀನು? 'ಇನ್ನೊಂದು ಊರು, ಇನ್ನೊಂದು ಊರು' ಅಂತ ಒಂದೇ ರಚ್ಚೆ. ಪಾಪ, ತೋಳು ಬಿದ್ದುಹೋಗೋ ತನಕ ತಿರುಗಿಸ್ತಿದ್ದ."

ಮೇಸ್ತ್ರಿ ನೆಲಕ್ಕೆ ಕುಕ್ಕರಿಸಿದ. "ಆ ಕಾರು ಏನಾಯ್ತು?"

"ಒಲೆಗೆ ಹೋಯ್ತು. ಆ ಚಳಿಯಲ್ಲಿ ಸೌದೆ ಮುಗಿದಿತ್ತು. ನಿಮ್ಮಪ್ಪನ ಮೈ ಬೆಚ್ಚಗಿಡಬೇಕಿತ್ತು. ನಾನೇ ಒಡಿ ಅಂದೆ. ಕೊಡಲಿ ಹಿಡಿದು ಅಳ್ತಾ ನಿಂತಿದ್ದ ಅವನು. ಆಮೇಲೆ ಈ ಕಬ್ಬಿಣದ್ದೆಲ್ಲ ಆರಿಸಿ ಚೀಲಕ್ಕೆ ಹಾಕಿದ. ಅಣ್ಣ ಎದ್ದ ಮೇಲೆ ಇನ್ನೊಂದು ಮಾಡೋಣ ಅತ್ತಿಗೆ ಅಂದ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ ನೀನು?"

"ಕೇಳಿದ್ಯಾ ನೀನು? ಚಿಕ್ಕಪ್ಪ ಅಂದ್ರೆ ತಟ್ಟೆ ತಳ್ಳಿ ಎದ್ದು ಹೋಗ್ತಿದ್ದೆ. ಅಪ್ಪನ ಸ್ವತ್ತು ನುಂಗಿದೋನು ಅಂತಿದ್ದೆ. ಯಾವ ಸ್ವತ್ತಪ್ಪಾ ಅಂತ ನಾನೂ ತಲೆ ಕೆಡಿಸಿಕೊಳ್ತಿದ್ದೆ. ಇದ್ದದ್ದೊಂದು ಕ್ಯಾಮರಾ. ಅದನ್ನ ಮಾರಿದೋಳು ನಾನು." ಅಮ್ಮ ಮತ್ತೊಂದು ಬಟ್ಟೆ ಎತ್ತಿಕೊಂಡಳು. "ಆ ಅಂಗಿ ಬಿಚ್ಚಿ ಹಾಕು, ಗ್ರೀಸು ವಾಸನೆ."

ಬೆಳಿಗ್ಗೆ ಮೇಸ್ತ್ರಿ ಯಾರಿಗೂ ಹೇಳದೆ ತನ್ನ ಹಳೆಯ ವ್ಯಾನು ತೆಗೆದುಕೊಂಡು ಬಸ್ ನಿಲ್ದಾಣಕ್ಕೆ ಹೋದ. ಕಲ್ಲುಬೆಂಚಿನ ಮೇಲೆ ಚಿಕ್ಕಪ್ಪ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಒಣಗಿ ಹೋಗಿದ್ದ. ಹತ್ತಿರ ನಿಂತ ನೆರಳಿಗೆ ಮುಖವೆತ್ತಿ, "ಯಾರು?" ಎಂದ.

"ನಾನು. ನಿಮ್ಮಣ್ಣನ ಮಗ."

ಮುದುಕ ಚೀಲವನ್ನು ಎದೆಗೆ ಎಳೆದುಕೊಂಡ. "ಅತ್ತಿಗೆ ಕರೆದ್ಲು ಅಂತ ಬಂದೆ ಕಣಪ್ಪ. ನಿನಗೆ ಬೇಡ ಅಂದ್ರೆ ಇಲ್ಲಿಂದಲೇ ಹೋಗ್ತೀನಿ. ಬಸ್ಸು ಇನ್ನೂ ಹೊರಟಿಲ್ಲ."

"ಸುಮ್ನೆ ಹತ್ತಿ," ಎಂದು ಮೇಸ್ತ್ರಿ ಗದರಿದ. ಗದರಿದ ಮೇಲೆ ತೋಳು ಹಿಡಿದು ಹತ್ತಿಸಿದ. ಆ ತೋಳಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ.

ಮೇಸ್ತ್ರಿ ವ್ಯಾನು ಹೊರಡಿಸಿದ. ಮನೆಯ ತಿರುವು ಬಂತು, ಅವನು ತಿರುಗಿಸಲಿಲ್ಲ. ಸಾಲು ಮರಗಳ ಹೊರರಸ್ತೆ ಹಿಡಿದ.

"ಮನೆ ಇಷ್ಟು ದೂರ ಇತ್ತೇನಪ್ಪ?"

"ಇಲ್ಲ," ಎಂದ ಮೇಸ್ತ್ರಿ. ಎದುರಿನ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಇನ್ನೊಂದು ಊರು ನೋಡ್ಕೊಂಡು ಹೋಗೋಣ."

ಚಿಕ್ಕಪ್ಪ ಮಂಜುಗಣ್ಣನ್ನು ಕಿಟಕಿಯ ಕಡೆ ತಿರುಗಿಸಿದ. ಬಿಸಿಲು, ನೆರಳು, ಬಿಸಿಲು, ನೆರಳು ಅವನ ಮುಖದ ಮೇಲೆ ಹಾದುಹೋಗುತ್ತಿದ್ದವು. ಚೀಲದ ಮೇಲಿದ್ದ ಬಲಗೈ ಮುಷ್ಟಿಯಾಗಿ, ಮೆಲ್ಲಗೆ ಸುತ್ತತೊಡಗಿತು. ಮುಂದೆ ರೈಲುಗೇಟು ಹಾಕಿತ್ತು. ಮೇಸ್ತ್ರಿ ಬ್ರೇಕ್ ಒತ್ತಿದ. ಕೈಯೂ ನಿಧಾನವಾಗಿ ನಿಂತಿತು. ಗೇಟು ತೆಗೆಯುವ ತನಕ ಅದು ಅರ್ಧ ಸುತ್ತಿನಲ್ಲೇ, ಗಾಳಿಯಲ್ಲಿ, ಕಾಯುತ್ತಿತ್ತು.