ನೀಲಿ ಸೂಟ್‌ಕೇಸಿನ ದ್ವೀಪಯಾತ್ರೆ

ಐರ್ಲೆಂಡಿನ ಕ್ಯಾಸಲ್‌ನಾಕಿನ ಸತ್ಯಪ್ರಕಾಶರು ಲೋಕವನ್ನೆಲ್ಲ ಕಿವಿಯಿಂದಲೇ ನೋಡಿದವರು. ಅವರು ಚಿಕ್ಕವರಾಗಿದ್ದಾಗ ನಂಜನಗೂಡಿನಲ್ಲಿ ಅಪ್ಪ ದಿನವೂ ದೀಪ ಹಚ್ಚಿದ ಮೇಲೆ ರಾಗವಾಗಿ ಕಾವ್ಯ ಓದುತ್ತಿದ್ದರು. ಮಗ ಬಾಯಿಗೆ ಬೀಗ ಹಾಕಿಕೊಂಡು ಕೇಳುತ್ತಿದ್ದ. ಭೂಮಿಯ ಮೇಲೆ ಏಳು ದ್ವೀಪ, ಸುತ್ತ ಏಳು ಸಮುದ್ರ. ಉಪ್ಪುನೀರಿನದೊಂದು, ಕಬ್ಬಿನ ಹಾಲಿನದೊಂದು, ಹೆಂಡದ್ದೊಂದು, ತುಪ್ಪದ್ದೊಂದು, ಹೀಗೆ. ಎಲ್ಲ ಮುಗಿದ ಮೇಲೆ ಫಲಶ್ರುತಿ: ಇದನ್ನು ಭಕ್ತಿಯಿಂದ ಕೇಳಿದವರಿಗೆ ಅಲ್ಲಿಗೆಲ್ಲ ಹೋಗಿಬಂದಷ್ಟೇ ಪುಣ್ಯ. ಹುಡುಗ ಅದನ್ನು ನಂಬಿದ. ಬೆಳೆದು, ಐರ್ಲೆಂಡಿಗೆ ಬಂದು, ಸಾಫ್ಟ್‌ವೇರ್ ಕೆಲಸ ಹಿಡಿದು, ತಲೆ ನರೆತ ಮೇಲೂ ನಂಬಿಕೊಂಡೇ ಇದ್ದರು. ಕೇಳಿದರೆ ಸಾಕಾಗುವಾಗ ಹೋಗುವ ಉಸಾಬರಿ ಯಾಕೆ?

ಅವರ ಹೆಂಡತಿ ಜಯಶೀಲಮ್ಮನದು ಬೇರೆ ಪಂಥ. ಮದುವೆಯಾದ ಹೊಸದರಲ್ಲಿ, ಮೈಸೂರಿನ ಬಾಡಿಗೆ ಮನೆಯ ತಾರಸಿಯ ಮೇಲೆ ಕೂತು ಗಂಡ ಆ ಕಬ್ಬಿನ ಹಾಲಿನ ಸಮುದ್ರವನ್ನು ಹಾಡಿ ಬಣ್ಣಿಸಿದಾಗ ಆಕೆ ಕೇಳಿದ್ದು ಒಂದೇ ಮಾತು.

"ಯಾವಾಗ ಕರ್ಕೊಂಡ್ ಹೋಗ್ತೀರಾ?"

"ಹೋಗೋಣ," ಎಂದಿದ್ದರು ಸತ್ಯಪ್ರಕಾಶರು.

ಆ 'ಹೋಗೋಣ'ಕ್ಕೆ ಈ ವರ್ಷ ಬೆಳ್ಳಿಹಬ್ಬ. ನಡುವೆ ಎಷ್ಟೋ ಸಲ ಊರು ಗೊತ್ತುಮಾಡಿದ್ದಾಯಿತು, ಟಿಕೆಟ್ ನೋಡಿದ್ದಾಯಿತು. ಪ್ರತಿ ಸಲವೂ ಆಫೀಸಿನಲ್ಲಿ ಒಂದು ರಿಲೀಸ್, ಅಂದರೆ ಹೊಸ ಸಾಫ್ಟ್‌ವೇರ್ ಹೊರಬಿಡುವ ಗಡಿಬಿಡಿ, ಅಡ್ಡ ಮಲಗುತ್ತಿತ್ತು. ಈ ಸಲ ಜಯಶೀಲಮ್ಮ ಯಾರನ್ನೂ ಕೇಳದೆ ಸೇಂಟ್ ಲೂಸಿಯಾ ಎಂಬ ಕೆರಿಬಿಯನ್ ದ್ವೀಪಕ್ಕೆ ಇಬ್ಬರ ಟಿಕೆಟ್ಟನ್ನೂ ತೆಗೆದಿಟ್ಟರು.

"ಹಿಂದೆ ಅಲ್ಲೆಲ್ಲ ಕಬ್ಬೇ ಬೆಳೀತಿದ್ರಂತೆ. ಈಗ ರಮ್ ಮಾಡ್ತಾರೆ. ನಿಮ್ಮ ಎರಡು ಸಮುದ್ರ ಒಂದೇ ಕಡೆ ಸಿಕ್ಕಿದೆ, ಇನ್ನೇನ್ ಬೇಕು?" ಎಂದರು. ಆಮೇಲೆ ಹುರುಳಿಕಾಯಿ ಹೆಚ್ಚುತ್ತ, ತಲೆ ಎತ್ತದೆ, "ಇದೂ ತಪ್ಪಿದ್ರೆ ನಾನಿನ್ನು ಕೇಳಲ್ಲ ರೀ," ಎಂದರು.

ದನಿಯಲ್ಲಿ ಸಿಟ್ಟಿರಲಿಲ್ಲ. ಸತ್ಯಪ್ರಕಾಶರು ಬೆಚ್ಚಿದ್ದು ಅದಕ್ಕೇ. ಕೇಳುವ ಹೆಂಡತಿ ಇರುವವರೆಗೆ 'ಹೋಗೋಣ' ಎನ್ನಬಹುದು. ಆಕೆ ಕೇಳುವುದನ್ನೇ ಬಿಟ್ಟರೆ ತಾವು ಯಾರಿಗೆ ಏನೆನ್ನುವುದು?

ಆದರೆ ವಿಮಾನ ಮಂಗಳವಾರ, ಮನೆ ಬಿಡಬೇಕಾದ್ದು ರಾಹುಕಾಲಕ್ಕೆ ಸರಿಯಾಗಿ. ಮೈಸೂರಿನ ಶಾಸ್ತ್ರಿಗಳಿಗೆ ಫೋನ್ ಹೋಯಿತು. ಅವರು ಪರಿಹಾರ ಹೇಳಿದರು. ಗುರುವಾರ ಬೆಳಿಗ್ಗೆ ಗಳಿಗೆ ಚೆನ್ನಾಗಿದೆ, ಆಗ ಪ್ರಸ್ಥಾನ ಇಟ್ಟುಬಿಡಿ. ಅಂದರೆ ಹೊರಡುವವನ ಪೆಟ್ಟಿಗೆಯನ್ನು ಶುಭ ಗಳಿಗೆಯಲ್ಲಿ ಹೊಸ್ತಿಲು ದಾಟಿಸಿ ಪಕ್ಕದ ಮನೆಯಲ್ಲಿಡುವುದು. ಪೆಟ್ಟಿಗೆ ಹೊರಟಿತೆಂದರೆ ಆಸಾಮಿ ಹೊರಟಂತೆಯೇ ಲೆಕ್ಕ. ಆಮೇಲೆ ಯಾವ ಹೊತ್ತಿನಲ್ಲಿ ಬೇಕಾದರೂ ಅದನ್ನೆತ್ತಿಕೊಂಡು ನಡೆಯಬಹುದು, ಆದರೆ ಪೆಟ್ಟಿಗೆ ಮಾತ್ರ ಯಾತ್ರೆ ಮುಗಿಯದೆ ಮನೆಗೆ ಮರಳಬಾರದು.

"ಇಬ್ಬರದೂ ಇಡಬೇಕಾ?" ಎಂದು ಕೇಳಿದರು ಸತ್ಯಪ್ರಕಾಶರು.

"ಯಜಮಾನರದ್ದಿಟ್ಟರೆ ಸಾಕು. ಹೆಂಡತಿ ಅದರಲ್ಲೇ ಬಂತು," ಎಂದರು ಶಾಸ್ತ್ರಿಗಳು.

ಪಕ್ಕದ ಮನೆಯಲ್ಲಿರುವುದು ನೊರೀನ್ ಎಂಬ ಐರಿಷ್ ಮುದುಕಿ. ಸತ್ಯಪ್ರಕಾಶರು ನೀಲಿ ಸೂಟ್‌ಕೇಸಿಗೆ ಅಕ್ಷತೆ ಹಾಕಿ ಆಕೆಯ ಬಾಗಿಲು ತಟ್ಟಿ ವಿಷಯ ವಿವರಿಸುವಾಗ ನಾಚಿಕೆಯಿಂದ ಅರ್ಧ ಕುಗ್ಗಿದ್ದರು. ಆದರೆ ನೊರೀನ್ ನಗಲಿಲ್ಲ. ತನ್ನ ಬೇಲಿಯ ಬುಡವನ್ನು ತೋರಿಸಿದರು. ಅಲ್ಲಿ ಕಿರೀಟ ತೊಟ್ಟ ಬಾಲ ಯೇಸುವಿನ ಪುಟ್ಟ ಬೊಂಬೆ ನಿಂತಿತ್ತು. ಕತ್ತಿನ ಸುತ್ತ ಗೋಂದು ಹಚ್ಚಿದ ಗುರುತು. ನಾಡಿದ್ದು ತಂಗಿಯ ಮಗಳ ಮದುವೆ, ಮಳೆ ಬರಬಾರದೆಂದು ಹೊರಗಿಟ್ಟಿದ್ದೇನೆ ಎಂದರು. ತಲೆ ತಾನಾಗಿ ಮುರಿದುಬಿದ್ದ ಬೊಂಬೆಯಾದರೆ ಶಕ್ತಿ ಇನ್ನೂ ಹೆಚ್ಚಂತೆ.

"ಹಾಗಾದರೆ ಈ ಪೆಟ್ಟಿಗೆ ನೀನೇ?" ಎಂದು ಆಕೆ ಕೇಳಿದರು.

"ಶಾಸ್ತ್ರದ ಪ್ರಕಾರ ನಾನೇ."

"ಗ್ರ್ಯಾಂಡ್," ಎಂದು ಐರಿಷರ ರೀತಿಯಲ್ಲಿ ಒಪ್ಪಿ ನೊರೀನ್ ಸೂಟ್‌ಕೇಸನ್ನು ಒಳಗೆ ಕರೆದುಕೊಂಡು ಹೋಗಿ, ಚಳಿಯಾಗದಿರಲೆಂದು ಹೀಟರಿನ ಪಕ್ಕ ಕೂರಿಸಿದರು.

ಸೋಮವಾರ ಎಂದಿನಂತೆ ರಿಲೀಸ್ ಬಂತು. ಮ್ಯಾನೇಜರ್ ಆದರ್ಶ, ಬೆಂಗಳೂರಿನ ಹುಡುಗ, ಫೋನಿನಲ್ಲಿ "ಸರ್, ನೀವಿಲ್ದೆ ಹೇಗೆ ಸರ್," ಎಂದ. ಹೇಗೂ ಆಗುವುದಿಲ್ಲ ಎಂಬುದು ಸತ್ಯಪ್ರಕಾಶರ ಅಭಿಪ್ರಾಯವೂ ಆಗಿತ್ತು. ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು.

"ಜಯಾ, ಒಂದ್ ತಿಂಗಳು ಮುಂದಕ್ಕೆ ಹಾಕೋಣ. ಪ್ರಸ್ಥಾನ ಹೇಗೂ ಆಗಿದೆಯಲ್ಲ. ಶಾಸ್ತ್ರದ ಪ್ರಕಾರ ನಾನು ಹೊರಟಾಗಿದೆ."

ಜಯಶೀಲಮ್ಮ ಒಗ್ಗರಣೆಯ ಸೌಟನ್ನು ಕೆಳಗಿಟ್ಟರು. "ಹೊರಟಾಗಿದೆಯಾ?"

"ಆಗಿದೆ."

"ಆ ಪೆಟ್ಟಿಗೆ ನೀವೇ?"

"ನಾನೇ."

"ಸರಿ ಹಾಗಾದ್ರೆ," ಎಂದು ಆಕೆ ಸೌಟನ್ನು ಮತ್ತೆ ಎತ್ತಿಕೊಂಡರು. ಇಷ್ಟು ಸಲೀಸಾಗಿ ಮುಗಿದದ್ದು ಸತ್ಯಪ್ರಕಾಶರಿಗೆ ಸಮಾಧಾನ ಕೊಟ್ಟಿತು.

ಮರುದಿನ ಮಧ್ಯಾಹ್ನ ಹುಬ್ಬಳ್ಳಿಯ ನವೀದನ ಕಾರು ಮನೆ ಮುಂದೆ ಬಂದು ನಿಂತಿತು. ನವೀದ ಹಿಂದಿನ ಬೀದಿಯವನು, ಕರೆದಾಗ ಬರುವವನು. ಅವನು ನೊರೀನ್ ಮನೆಯಿಂದ ನೀಲಿ ಸೂಟ್‌ಕೇಸನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಡಿಕ್ಕಿಯಲ್ಲಿ ಹಾಕದೆ, ಮುಂದಿನ ಸೀಟಿನಲ್ಲಿಟ್ಟು ಬೆಲ್ಟ್ ಬಿಗಿದ.

"ಹಿಂದ ಒಗ್ಯಾಕ್ ಬರ್ತದೇನ್ರಿ ಅಕ್ಕಾರ? ಅಣ್ಣಾರು ಮುಂದ ಕುಂಡ್ರಲಿ."

ಜಯಶೀಲಮ್ಮ ಸೀರೆಯ ಮೇಲೆ ಕೋಟು ಹಾಕಿಕೊಂಡು ಹಿಂದೆ ಕೂತರು. ಸತ್ಯಪ್ರಕಾಶರು ಕಿವಿಗೆ ಸಿಕ್ಕಿಸಿದ ಹೆಡ್‌ಫೋನ್ ಸಮೇತ ಹೊರಗೆ ಓಡಿಬಂದರು.

"ಜಯಾ, ಎಲ್ಲಿಗೆ?"

"ಸೇಂಟ್ ಲೂಸಿಯಾಗೆ. ನಿಮ್ಮ ಜೊತೆ."

"ನಾನು ಇಲ್ಲಿದೀನಲ್ಲ."

ನವೀದ ಕಿಟಕಿಯಿಂದ ತಲೆ ಹೊರಹಾಕಿದ. "ಅಲ್ರೀ ಪ್ರಕಾಶಣ್ಣ, ನೀವು ಇಲ್ಲೇನ್ ಮಾಡಾಕತ್ತೀರಿ? ನೀವು ಕಾರ್‌ನ್ಯಾಗ ಅದೀರಲ್ಲ. ಸರೀರಿ, ನಿಮಗ ಫ್ಲೈಟಿಗೆ ತಡ ಆಗ್ತದ."

ಸತ್ಯಪ್ರಕಾಶರು ತಮ್ಮ ಶಾಸ್ತ್ರಕ್ಕೆ ತಾವೇ ಎದುರು ವಾದಿಸಲಾರದೆ ಸರಿದು ನಿಂತರು. ಕಾರು ಹೋಯಿತು. ನೊರೀನ್ ತನ್ನ ಬಾಗಿಲಿನಿಂದ ಮುಂದಿನ ಸೀಟಿಗೆ ಕೈಬೀಸಿದರು.

ಅವತ್ತಿನಿಂದ ಸತ್ಯಪ್ರಕಾಶರು ಊರಿನಲ್ಲಿಲ್ಲದವರಾದರು. ಬೆಳಿಗ್ಗೆ ಎದ್ದರೆ ನೊರೀನ್ ಇವರ ಮನೆಯ ಕಸದ ಡಬ್ಬಿಯನ್ನು ಬೀದಿಗೆ ತಳ್ಳುತ್ತಿದ್ದರು, ಮನೆಯವರಿಲ್ಲದಾಗ ಅಕ್ಕಪಕ್ಕದವರು ಮಾಡುವ ಹಾಗೆ. "ನಾನಿದ್ದೀನಲ್ಲ," ಎಂದು ಇವರು ಹೊರಗೆ ಬಂದರೆ, ಆಕೆ ಕಣ್ಣು ತಪ್ಪಿಸಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಒಳಗೆ ಹೋಗಿಬಿಟ್ಟರು. ದೂರ ಹೋದವನೊಂದಿಗೆ ಇಲ್ಲಿ ಮಾತಾಡುವುದು ಅವನಿಗೇ ಕೇಡು ಎಂದು ಆಮೇಲೆ ನವೀದನ ಹತ್ತಿರ ಹೇಳಿದರಂತೆ.

ಆಫೀಸಿನ ಕತೆ ಇನ್ನೊಂದು. ಹಾಕಿದ್ದ ರಜೆಯನ್ನು ವಾಪಸ್ ತೆಗೆಯುವುದನ್ನು ಸತ್ಯಪ್ರಕಾಶರು ಮರೆತಿದ್ದರು. ರಿಲೀಸಿನ ಮೀಟಿಂಗಿನಲ್ಲಿ ಯಾರೋ ಒಂದು ಪ್ರಶ್ನೆ ಕೇಳಿದರು.

"ಅದು ಸತ್ಯಪ್ರಕಾಶ್ ಸರ್‌ಗೇ ಗೊತ್ತು. ಅವ್ರು ರಜದಲ್ಲಿದಾರೆ," ಎಂದ ಆದರ್ಶ.

"ಆದರ್ಶ, ನಾನು ಕಾಲ್‌ನಲ್ಲೇ ಇದೀನಪ್ಪ."

"ಸರ್, ಸಿಸ್ಟಮ್‌ನಲ್ಲಿ ನೀವು ಇಪ್ಪತ್ತನೇ ತಾರೀಕಿನವರೆಗೂ ಇಲ್ಲ," ಎಂದು ಆದರ್ಶ ಮೆತ್ತಗೆ ಹೇಳಿ ಮುಂದಿನ ವಿಷಯಕ್ಕೆ ಹೋದ. ಆ ರಿಲೀಸ್ ಅವರಿಲ್ಲದೆಯೇ ಆಯಿತು. ಚೆನ್ನಾಗಿಯೇ ಆಯಿತು.

ಸತ್ಯಪ್ರಕಾಶರು ಮನೆಯ ಬಳಿಯ ಫೀನಿಕ್ಸ್ ಪಾರ್ಕಿಗೆ ನಡೆದುಕೊಂಡು ಹೋದರು. ಹಾದಿಬದಿಯ ಜಿಂಕೆಗಳು ಯಾರಾದರೂ ಹತ್ತಿರ ಬಂದರೆ ತಲೆ ಎತ್ತಿ ನೋಡುವುದುಂಟು. ಅವತ್ತು ಒಂದೂ ಎತ್ತಲಿಲ್ಲ.

ದ್ವೀಪಕ್ಕೆ ಹೋದವರ ಕತೆಯೇನೋ ಭರ್ಜರಿಯಾಗಿ ಸಾಗಿತ್ತು. ಮೊದಲನೆಯ ಫೋಟೊದಲ್ಲಿ ಸೂಟ್‌ಕೇಸು ಕಡಲ ದಂಡೆಯ ಆರಾಮಕುರ್ಚಿಯಲ್ಲಿ ಒರಗಿತ್ತು, ಮೇಲೊಂದು ಹುಲ್ಲಿನ ಟೋಪಿ. ಮರುದಿನ ಅಲ್ಲಿನ ರಾಜಧಾನಿ ಕ್ಯಾಸ್ಟ್ರೀಸಿನ ಪೇಟೆಯಲ್ಲಿ ಜಾಯಿಕಾಯಿ, ದೀವಿಹಲಸಿನ ರಾಶಿಯ ನಡುವೆ. ಸಂಜೆ ಸಂಜೆ ಫೋನ್ ಬರುತ್ತಿತ್ತು.

"ಇವತ್ತು ಅಗ್ನಿಪರ್ವತ ನೋಡಿದ್ವಿ ರೀ. ಕಾರಲ್ಲೇ ಒಳಗೆ ಹೋಗ್ಬಹುದು, ನಮ್ಮ ಚಾಮುಂಡಿ ಬೆಟ್ಟಕ್ಕೆ ಹೋದ ಹಾಗೆ. ಗಂಧಕದ ನಾತ ಅಂದ್ರೆ ಕೊಳೆತ ಮೊಟ್ಟೆ. ಕೆಳಗೆ ಬಿಸಿ ಕೆಸರಿನ ಸ್ನಾನ ಮಾಡಿಸ್ತಾರೆ. ನಿಮಗೂ ಮಾಡಿಸ್ದೆ."

"ನನಗಾ?"

"ಮೈಯೆಲ್ಲ ಬಳಿದು ತೊಳೆದ್ರು. ಹತ್ತು ವರ್ಷ ಚಿಕ್ಕವರಾಗಿ ಕಾಣ್ತಿದೀರಿ. ಗೈಡ್ ಹುಡುಗಿ ನಿಮ್ಮನ್ನ ಮಿಸ್ಟರ್ ಪ್ರಕಾಶ್ ಅಂತಾನೇ ಕರೀತಾಳೆ. ಇವ್ರು ಎಷ್ಟು ತಾಳ್ಮೆಯ ಮನುಷ್ಯ ಅಂತಾಳೆ."

ಇನ್ನೊಂದು ಸಂಜೆ ರಮ್ ಕಾರ್ಖಾನೆ. "ನಿಮ್ಮ ಹೆಂಡದ ಸಮುದ್ರ. ಸುಮ್ನೆ ರುಚಿಗೆ ಅಂತ ಚಿಕ್ಕ ಲೋಟದಲ್ಲಿ ಕೊಟ್ರು. ನೀವು ಮುಟ್ಟಲ್ಲ ಅಂತ ನಿಮ್ಮ ಪಾಲೂ ನಾನೇ ಮುಗಿಸ್ದೆ."

"ಜಯಾ."

"ಕೇಳೋ ಪುಣ್ಯ ನಿಮ್ಗಿರ್ಲಿ. ಕುಡಿಯೋ ಪಾಪ ನನಗಿರ್ಲಿ."

ಹೇಳುವುದರಲ್ಲಿ ಜಯಶೀಲಮ್ಮ ಯಾರಿಗೂ ಕಡಿಮೆಯಿರಲಿಲ್ಲ. ಬಣ್ಣ ಬಣ್ಣದ ಬಂಡೆಯ ಮೇಲಿಂದ ಬೀಳುವ ಬಿಸಿನೀರಿನ ಝರಿ, ಪಾರಿವಾಳದ ಹೆಸರಿನ ದ್ವೀಪದ ತುದಿಯಲ್ಲಿ ಪಾಳುಬಿದ್ದ ಕೋಟೆ, ತುಕ್ಕು ಹಿಡಿದ ಫಿರಂಗಿ, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದರು. ಸತ್ಯಪ್ರಕಾಶರು ದೀಪ ಹಚ್ಚಿ, ಕಣ್ಣು ಮುಚ್ಚಿ, ಚಿಕ್ಕಂದಿನಂತೆಯೇ ಭಕ್ತಿಯಿಂದ ಕೇಳಿದರು. ಕೇಳಿ ಮುಗಿದ ಮೇಲೆ ಫಲಕ್ಕೆ ಕಾದರು. ಫೋನ್ ಇಟ್ಟ ಸದ್ದು ಬಂತು, ಫಲ ಬರಲಿಲ್ಲ.

ಕೊನೆಯ ಫೋಟೊ ಪಿಟನ್ ಬೆಟ್ಟಗಳದ್ದು. ಸಮುದ್ರದಿಂದ ನೆಟ್ಟಗೆ ಎದ್ದ ಎರಡು ಹಸಿರು ಶಿಖರ, ಒಂದರ ಪಕ್ಕ ಒಂದು, ಹಸೆಮಣೆಯ ಮೇಲೆ ಕೂತ ಗಂಡು ಹೆಣ್ಣಿನ ಹಾಗೆ. ಅವುಗಳ ಮುಂದೆ ದೋಣಿಯಲ್ಲಿ ಜಯಶೀಲಮ್ಮ, ಪಕ್ಕದಲ್ಲಿ ನೀಲಿ ಸೂಟ್‌ಕೇಸು. ಆಕೆಯ ಕೈ ಅದರ ಹಿಡಿಯ ಮೇಲೆ ಸುಮ್ಮನೆ ಕೂತಿತ್ತು. ದೋಣಿ ಅಲ್ಲಾಡುವಾಗ ಪಕ್ಕದವರ ಕೈಯನ್ನು ಹಿಡಿದುಕೊಳ್ಳುತ್ತೇವಲ್ಲ, ಹಾಗೆ.

ಸತ್ಯಪ್ರಕಾಶರು ಆ ಕೈಯನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದರು. ಬೆಟ್ಟ ಹೊರಗೆ ಹೋಯಿತು, ಸಮುದ್ರ ಹೊರಗೆ ಹೋಯಿತು, ಕೈಯೊಂದೇ ಉಳಿಯಿತು. ಡಿಸ್ಕೌಂಟಿನಲ್ಲಿ ಕೊಂಡ ಒಂದು ಪೆಟ್ಟಿಗೆಯ ಮೇಲೆ ತಮಗೆ ಇಷ್ಟು ಹೊಟ್ಟೆಕಿಚ್ಚು ಬಂದೀತೆಂದು ಅವರು ಎಣಿಸಿರಲಿಲ್ಲ.

ಆಕೆ ಹಿಂತಿರುಗುವ ದಿನ ಸತ್ಯಪ್ರಕಾಶರು ನವೀದನ ಜೊತೆ ಏರ್‌ಪೋರ್ಟಿಗೆ ಹೋಗಿ ಎಲ್ಲರಿಗಿಂತ ಮುಂದೆ ನಿಂತರು. ಪೆಟ್ಟಿಗೆ ಕೈಗೆ ಬರಲಿ, ಅದನ್ನು ಮನೆಯ ಹೊಸ್ತಿಲು ದಾಟಿಸಿ ತಾವು ಮತ್ತೆ ತಾವಾಗಬೇಕು, ಅದೊಂದೇ ಯೋಚನೆ. ಜಯಶೀಲಮ್ಮ ಬಂದರು. ಮುಖ ಬಿಸಿಲಿಗೆ ಹದವಾಗಿ ಹುರಿದಂತಾಗಿತ್ತು. ಹೆಗಲಲ್ಲಿ ಚೀಲ, ಕೈ ಖಾಲಿ.

"ಪೆಟ್ಟಿಗೆ ಎಲ್ಲಿ?"

"ನೀವು ಅಲ್ಲೇ ಇದೀರಿ."

"ಅಂದ್ರೆ?"

"ವಾಪಸ್ ಹೊರಡೋ ಹೊತ್ತು ಯಮಗಂಡಕಾಲ. ನಾನೇ ಶಾಸ್ತ್ರಿಗಳಿಗೆ ಫೋನ್ ಮಾಡ್ದೆ. ಅದಕ್ಕೆ ಬೆಳಿಗ್ಗೆನೇ ಒಳ್ಳೆ ಗಳಿಗೆ ನೋಡಿ ನಿಮ್ಮ ಪ್ರಸ್ಥಾನ ಇಟ್ಟೆ, ನಾವಿದ್ದ ಹೋಟೆಲ್ ಪಕ್ಕದ ಮನೇಲಿ. ಮಿಸ್ ಆಗ್ನೆಸ್ ಅಂತ, ಒಳ್ಳೆಯವ್ರು. ಬಾಳೆಗೊನೆ ಪಕ್ಕದಲ್ಲಿ ಕೂರ್ಸಿದಾರೆ ನಿಮ್ಮನ್ನ."

"ಎತ್ಕೊಂಡು ಬರ್ಬೇಕಿತ್ತಲ್ಲ."

"ಯಾರ ಪ್ರಸ್ಥಾನವೋ ಅವರೇ ಎತ್ಕೋಬೇಕು."

"ಹೋಗುವಾಗ ನೀನೇ ಎತ್ಕೊಂಡ್ ಹೋದೆ."

"ಹೋಗುವಾಗ ನಾನೂ ಅದರಲ್ಲೇ ಬಂದಿದ್ದೆ. ಈಗ ನಾನು ಬಂದಾಯ್ತು. ಬಾಕಿ ಇರೋದು ನೀವೊಬ್ರೇ."

ನವೀದ ಕೆಮ್ಮಿದಂತೆ ಮಾಡಿ ಪಾರ್ಕಿಂಗ್ ಕಡೆ ನಡೆದ.

ಕಾರಿನಲ್ಲಿ ಸತ್ಯಪ್ರಕಾಶರು ಕಾದರು. ಈಗ ಕೇಳುತ್ತಾಳೆ, ಈಗ ಕೇಳುತ್ತಾಳೆ. ಯಾವಾಗ ಹೋಗ್ತೀರಾ ಎನ್ನುತ್ತಾಳೆ, ತಾವು ಹೋಗೋಣ ಎನ್ನಬೇಕು. ಜಯಶೀಲಮ್ಮ ಕಿಟಕಿಯಾಚೆಯ ಜಿನುಗು ಮಳೆ ನೋಡುತ್ತ ಕೂತಿದ್ದರು. ಕೇಳುವುದಿಲ್ಲ ಎಂದವರು ಕೇಳಲಿಲ್ಲ. ಮನೆ ಬಂತು. ನೊರೀನ್ ಬಂದು ಜಯಶೀಲಮ್ಮನನ್ನು ತಬ್ಬಿಕೊಂಡು, ಅವನು ಹೇಗಿದ್ದಾನೆ ಎಂದು ವಿಚಾರಿಸಿದರು. ಸತ್ಯಪ್ರಕಾಶರು ಅಲ್ಲೇ, ಆಕೆಯ ಮೊಣಕೈಗೆ ತಾಗುವಷ್ಟು ಹತ್ತಿರ ನಿಂತಿದ್ದರು.

"ಚೆನ್ನಾಗಿದಾರೆ," ಎಂದರು ಜಯಶೀಲಮ್ಮ. "ಸ್ವಲ್ಪ ಕಪ್ಪಾಗಿದಾರೆ."

ಬಾಗಿಲು ಹಾಕಿಕೊಂಡ ಮೇಲೆ, ಆಕೆ ಕಾಫಿಗೆ ನೀರಿಡುವಾಗ, ಸತ್ಯಪ್ರಕಾಶರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು.

"ಜಯಾ, ನನ್ನ ಯಾವಾಗ ಕರ್ಕೊಂಡ್ ಹೋಗ್ತೀಯಾ?"

ಜಯಶೀಲಮ್ಮ ತಿರುಗಿ ನೋಡಿದರು. ಗಂಡನ ಬಾಯಲ್ಲಿ ತನ್ನ ಮಾತು ಹೇಗೆ ಕೇಳುತ್ತದೆಂದು ನೋಡುವವರ ಹಾಗೆ ತಲೆ ಓರೆ ಮಾಡಿದರು. ಹೋಗೋಣ ಎನ್ನಲಿಲ್ಲ.

"ಮಂಗಳವಾರ," ಎಂದರು.

"ಮಂಗಳವಾರ ಆ ಹೊತ್ತಿಗೆ ರಾಹುಕಾಲ."

"ನೀವು ಅಲ್ಲೇ ಇರೋವಾಗ ಇಲ್ಲಿಂದ ಹೊರಡೋಕೆ ಎಂಥ ಗಳಿಗೆ ರೀ?"

ಸತ್ಯಪ್ರಕಾಶರು ಯೋಚಿಸಿ ನೋಡಿದರು. ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಆಫೀಸಿನಲ್ಲಿ ರಜೆ ಕೇಳುವ ಪ್ರಮೇಯವೂ ಬರಲಿಲ್ಲ. ಸಿಸ್ಟಮ್‌ನಲ್ಲಿ ಅವರಿನ್ನೂ ಹಿಂತಿರುಗಿರಲಿಲ್ಲ, ಅದನ್ನೇ ಇನ್ನಷ್ಟು ದಿನ ಎಳೆದರು.

ಮಂಗಳವಾರ ರಾಹುಕಾಲದಲ್ಲೇ ಇಬ್ಬರೂ ಹೊರಬಿದ್ದರು. ಬಟ್ಟೆಯೆಲ್ಲ ಮಿಸ್ ಆಗ್ನೆಸ್ ಮನೆಯಲ್ಲಿದ್ದುದರಿಂದ ಸತ್ಯಪ್ರಕಾಶರ ಕೈಯಲ್ಲಿ ತರಕಾರಿ ಚೀಲವೊಂದೇ, ಅದರಲ್ಲಿ ಹಲ್ಲುಜ್ಜುವ ಬ್ರಷ್ಷು ಮತ್ತು ಪಾಸ್‌ಪೋರ್ಟು. ನವೀದ ಅವರನ್ನು ಒಮ್ಮೆ ನೋಡಿ, "ನೀವು ಹಿಂದ ಕುಂಡ್ರಿ ಅಣ್ಣಾರ, ಅಕ್ಕಾರ ಪಕ್ಕ," ಎಂದ. ನೊರೀನ್ ಬೊಂಬೆಯನ್ನು ಮತ್ತೆ ಬೇಲಿಯ ಬುಡದಲ್ಲಿಟ್ಟು, ಕಾರಿನ ಕಿಟಕಿಗೆ ಬಗ್ಗಿ, ಸತ್ಯಪ್ರಕಾಶರ ಮೂಗಿನ ಮುಂದೆಯೇ ಕೈ ಚಾಚಿ ಜಯಶೀಲಮ್ಮನ ಕೈ ಹಿಡಿದುಕೊಂಡರು.

"ಅವನಿಗೆ ನಾನು ಕೇಳಿದೆ ಅಂತ ಹೇಳು."

"ಹೇಳ್ತೀನಿ," ಎಂದರು ಜಯಶೀಲಮ್ಮ.

ಕಾರು ತಿರುವಿನಲ್ಲಿ ವಾಲಿದಾಗ ಹೆಂಡತಿಯ ಕೈ, ಸೂಟ್‌ಕೇಸಿನ ಹಿಡಿಯನ್ನು ಹುಡುಕುವಂತೆ, ಪಕ್ಕಕ್ಕೆ ಬಂತು. ಸತ್ಯಪ್ರಕಾಶರು ತರಕಾರಿ ಚೀಲವನ್ನು ಸರಕ್ಕನೆ ಆಚೆ ಸರಿಸಿದರು.