ಜಾಮೀನು ಕೊಟ್ಟ ಮೇಲೆ

ಕೆಂಪಾಪುರದ ಬಾಲರಾಜುವಿಗೆ ತನ್ನ ಬಗ್ಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಮೈಕು ಕೈಗೆ ಬಂದರೆ ತನ್ನ ನಾಲಿಗೆ ತನ್ನ ಮಾತು ಕೇಳುವುದಿಲ್ಲ. ಗೊತ್ತಿದ್ದೂ ಅವನು ಮೈಕು ಇರುವ ಕಡೆಗೇ ಹೋಗುತ್ತಿದ್ದ. ಗಣೇಶೋತ್ಸವ ಸಮಿತಿ, ರಾಜ್ಯೋತ್ಸವ ಸಮಿತಿ, ಸ್ಕೂಲಿನ ಹಳೇ ವಿದ್ಯಾರ್ಥಿಗಳ ಸಂಘ ಎಲ್ಲ ಮುಗಿದು, ಅಧ್ಯಕ್ಷನಾಗಲು ಊರಿನಲ್ಲಿ ಇನ್ನೇನೂ ಉಳಿದಿಲ್ಲ ಅನ್ನುವಾಗ ವಕೀಲೆ ಸರಳಾ ಸಿಕ್ಕಳು. ಜೈಲಿನಲ್ಲಿರುವವರ ಮನೆಯವರಿಗಾಗಿ ಆಕೆ ಒಂದು ಬಳಗ ಕಟ್ಟಿದ್ದಳು, ಭಾನುವಾರ ಸೇರುವುದಕ್ಕೆ ಜಾಗ ಹುಡುಕುತ್ತಿದ್ದಳು. ಬಾಲರಾಜು ತನ್ನ ಅಪಾರ್ಟ್‌ಮೆಂಟಿನ ಕೆಳಗಿನ ಹಾಲ್ ಕೊಟ್ಟ. ಕುರ್ಚಿ ಕೊಟ್ಟ, ಕಾಫಿ ಕೊಟ್ಟ, ಕೇಳದಿದ್ದರೂ ಮೈಕ್‌ಸೆಟ್ ಕೊಟ್ಟ. ಹೀಗೆ ‘ಬಂದಿ ಬಂಧು ಬಳಗ’ಕ್ಕೂ ಅವನೇ ಅಧ್ಯಕ್ಷನಾದ. ಬೆರಳೆಣಿಕೆಯಷ್ಟು ಹೆಂಗಸರು ಕೂರುವ ಕೋಣೆಗೆ ಮೈಕು ಯಾಕೆ ಎಂದು ಸರಳಾ ಒಮ್ಮೆ ಕೇಳಿದ್ದಳು. ಅವನು ಹಲೋ ಹಲೋ ಎಂದು ಮೈಕು ತಟ್ಟಿ ನೋಡಿದ್ದ.

ಒಂದು ಭಾನುವಾರ ಮತ್ತಿಕೆರೆಯ ಧನಲಕ್ಷ್ಮಿ ಎದ್ದು ನಿಂತಳು. ಗಾರ್ಮೆಂಟ್ಸಿಗೆ ಹೋಗುವ ಹೆಂಗಸು. ಅವಳ ಗಂಡ ನಂದಕುಮಾರ ಗೊರಗುಂಟೆಪಾಳ್ಯದ ಒಂದು ಗೋದಾಮಿನಲ್ಲಿ ಕಾವಲಿಗಿದ್ದ. ಅಲ್ಲಿ ಕಳ್ಳತನವಾದಾಗ ಕದ್ದವರ ಜೊತೆ ಅವನನ್ನೂ ಹಿಡಿದಿದ್ದರು.

"ಬೇಲ್ ಆಗಿ ತಿಂಗ್ಳುಗಳಾಯ್ತು ಅಣ್ಣಾ. ಆದ್ರೆ ಆಚೆ ಬರಕ್ಕಾಗ್ತಿಲ್ಲ. ಜಾಮೀನು ನಿಲ್ಲೋರು ಬೇಕಂತೆ, ಅವ್ರ ಹೆಸ್ರಲ್ಲಿ ಪಹಣಿ ಇರ್ಬೇಕಂತೆ. ಬಾಡ್ಗೆ ಮನೇಲಿರೋರಿಗೆ ಪಹಣಿ ಇರೋರು ಯಾರಣ್ಣ ಗೊತ್ತಿರ್ತಾರೆ?"

ಮೈಕು ಬಾಲರಾಜುವಿನ ಕೈಯಲ್ಲೇ ಇತ್ತು.

"ಪಹಣಿ ತಾನೇ? ನಾನಿದ್ದೀನಮ್ಮಾ!" ಎಂದುಬಿಟ್ಟ. "ಕಾಗದ ಪತ್ರ ಎಲ್ಲಾ ಆಮೇಲೆ. ಮನುಷ್ಯ ಮನುಷ್ಯನ್ನ ನಂಬೋದೇ ನಿಜವಾದ ಜಾಮೀನು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಧನಲಕ್ಷ್ಮಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ತನ್ನ ಮಾತಿಗೆ ಬಾಲರಾಜುವಿನ ಕಣ್ಣೂ ಒದ್ದೆಯಾಯಿತು. ಮನೆಯ ಮೆಟ್ಟಿಲು ಹತ್ತುವಾಗಷ್ಟೇ, ತನ್ನ ಹತ್ತಿರ ಉಳಿದಿರುವ ಪಹಣಿ ಯಾವುದು ಎಂಬುದು ಅವನಿಗೆ ನೆನಪಾಯಿತು.

ತಾತನ ಕಾಲದ ಹೊಲಗಳೆಲ್ಲ ಸೈಟುಗಳಾಗಿದ್ದವು. ಸೈಟಿನ ಮೇಲೆ ಕಟ್ಟಿದ ಅಪಾರ್ಟ್‌ಮೆಂಟು ಬ್ಯಾಂಕಿನವರ ಬಾಯಲ್ಲಿತ್ತು. ಹೊಲ ಅಂತ ಉಳಿದದ್ದು ಯಲಹಂಕದಾಚೆ ಒಂದೇ ಒಂದು ತುಂಡು, ಅದರ ಮೂಲೆಯಲ್ಲಿ ಅಪ್ಪ ಚಿಕ್ಕಬೈರಪ್ಪನ ಸಮಾಧಿ. ಪ್ರತಿ ವರ್ಷ ಎಡೆ ಇಡಲು ಹೋಗುವ ಆ ಜಾಗವನ್ನು ಮಾರುವ ಮಾತೆತ್ತಿದರೆ ಹೆಂಡತಿ ಗಂಗರತ್ನಮ್ಮ ಒಲೆ ಆರಿಸಿ ತವರಿಗೆ ಹೊರಡುತ್ತಿದ್ದಳು. ಬಾಲರಾಜು ಅವಳಿಗೆ ಹೇಳದೆಯೇ ಪಹಣಿ ತೆಗೆಸಿಕೊಂಡು ಕೋರ್ಟಿಗೆ ಹೋದ. ಮಾತು ಕೊಟ್ಟಾಗಿತ್ತು, ಅದೂ ಮೈಕಿನಲ್ಲಿ.

"ಆಸಾಮಿ ತಾರೀಖಿಗೆ ಬರದೇ ಇದ್ರೆ ಜಮೀನಿಗೆ ತೊಂದ್ರೆ, ಗೊತ್ತೇನ್ರೀ?" ಎಂದು ಮ್ಯಾಜಿಸ್ಟ್ರೇಟರು ಕೇಳಿದರು.

"ಗೊತ್ತು ಸ್ವಾಮಿ," ಎಂದು ಎದೆಯುಬ್ಬಿಸಿ ಹೇಳಿದ.

ನಂದಕುಮಾರ ಹೊರಗೆ ಬಂದ ದಿನ ಬಾಲರಾಜು ಕಾರಿನಲ್ಲಿ ಹಾರ ಇಟ್ಟುಕೊಂಡು, ಫೋಟೋ ತೆಗೆಯುವವನನ್ನು ಕರೆದುಕೊಂಡು ಜೈಲಿನ ಗೇಟಿಗೆ ಹೋಗಿದ್ದ. ಸೊರಗಿದ ಆ ಮನುಷ್ಯ ಹಾರದ ಮೇಲಿಂದ ಕತ್ತು ಚಾಚಿ ಹೆಂಡತಿ ಎಲ್ಲಿ ಎಂದು ಹುಡುಕುತ್ತಿದ್ದ. ಫೋಟೋದಲ್ಲಿ ಅವನದು ಒಂದು ಕಿವಿಯಷ್ಟೇ ಬಿದ್ದಿತ್ತು, ಬಾಲರಾಜು ಮಾತ್ರ ಪೂರ್ತಿ ಬಿದ್ದಿದ್ದ. ಆ ಫೋಟೋವನ್ನು ಅವನೇ ಏರಿಯಾದ ವಾಟ್ಸಾಪ್ ಗ್ರೂಪಿಗೆ ಹಾಕಿದ. ಆ ಗ್ರೂಪಿನಲ್ಲಿ ಗಂಗರತ್ನಮ್ಮನೂ ಇದ್ದಾಳೆ ಎಂಬುದನ್ನು ಮರೆಯುವಷ್ಟು ದಡ್ಡ ಬೇರೆ ಯಾರೂ ಊರಿನಲ್ಲಿರಲಿಲ್ಲ.

"ಏನ್ರೀ, ಮಾವನ ಸಮಾಧಿನ ತಗೊಂಡೋಗಿ ಕಳ್ಳನ ಕೈಗೆ ಕೊಟ್ಬಂದ್ರಾ?"

"ಕಳ್ಳ ಅನ್ಬಾರ್ದು ಕಣೇ. ವಿಚಾರಣಾಧೀನ ಬಂದಿ ಅನ್ಬೇಕು."

"ಅವ್ನು ಓಡೋಗ್ಲಿ, ಗೊತ್ತಾಗುತ್ತೆ. ಕೋರ್ಟಿನೋರು ಬಂದು ಸಮಾಧಿ ಮುಂದೆ ತಮಟೆ ಹೊಡಿಸ್ತಾರೆ, ಹರಾಜು ಹರಾಜು ಅಂತ. ಆಗ ಅದ್ರ ಮುಂದೆ ನಿಂತ್ಕೊಂಡು ಭಾಷಣ ಮಾಡಿ."

ಆ ತಮಟೆ ಅಂದಿನಿಂದಲೇ ಬಾಲರಾಜುವಿನ ಕಿವಿಯಲ್ಲಿ ಶುರುವಾಯಿತು. ನಂದಕುಮಾರ ಓಡಿಹೋದರೆ? ಅವನಿಗೆ ಯಾವ ಊರು, ಯಾರು ನೆಂಟರು? ನಂಬಿಕೆಯ ಬಗ್ಗೆ ಅಷ್ಟು ಭಾಷಣ ಮಾಡಿದ್ದ ತಾನು ಈ ಮನುಷ್ಯನ ಜೊತೆ ಕೂತು ನಾಲ್ಕು ಮಾತೂ ಆಡಿಲ್ಲ ಎಂಬುದು ಆಗ ಹೊಳೆಯಿತು. ಸರಿ, ಮಾತಾಡಿಸಿಕೊಂಡು ಬರೋಣ ಎಂದು ಮಾರನೆಯ ಬೆಳಗ್ಗೆ ಮತ್ತಿಕೆರೆಗೆ ಹೋದ.

ಅವರೆಕಾಯಿ ಕಾಲ. ಬರಿಗೈಯಲ್ಲಿ ಹೋಗಬಾರದೆಂದು ಒಂದು ಚೀಲ ಅವರೆಕಾಯಿ ಒಯ್ದ. ನಂದಕುಮಾರ ಮನೆಯಲ್ಲೇ ಇದ್ದ. ಬಾಲರಾಜು ಹಾಯಾಗಿ ಮನೆಗೆ ಬಂದು ಚೆನ್ನಾಗಿ ಊಟ ಮಾಡಿದ. ಆದರೆ ಸಂಜೆಯ ಹೊತ್ತಿಗೆ ತಮಟೆ ಮತ್ತೆ ಕೇಳಿಸಿತು. ಮರುದಿನ ಇನ್ನೊಂದು ಚೀಲ ಅವರೆಕಾಯಿ. ಅದರ ಮರುದಿನ ಗಂಗರತ್ನಮ್ಮ ಮಾಡಿದ ಹಿದುಕಿದ ಬೇಳೆ ಸಾರು, ಡಬ್ಬಿಯಲ್ಲಿ. ಆಮೇಲೆ ಡಬ್ಬಿ ವಾಪಸ್ ತರುವ ನೆಪ. ಬೆಳಗ್ಗೆ ಹೋಗದ ದಿನ ಫೋನು: "ಏನ್ ಸಮಾಚಾರ ನಂದಾ? ಎಲ್ಲಿದ್ದೀಯ? ಹಂಗೇ ಕೇಳ್ದೆ." ಆ ಒಂಟಿ ಕೋಣೆಯ ಮನೆಯ ಮೂಲೆಯಲ್ಲಿ ಅವರೆಕಾಯಿ ಬಾಡಿ ಕಪ್ಪಾಗುತ್ತಿತ್ತು. ಧನಲಕ್ಷ್ಮಿ ಪ್ರತಿ ಸಲವೂ "ಬನ್ನಿ ಅಣ್ಣಾ" ಎಂದು ಚಾಪೆ ಹಾಸುತ್ತಿದ್ದಳು. ಅವಳ ದನಿ ದಿನೇ ದಿನೇ ಸಣ್ಣಗಾಗುತ್ತಿದ್ದುದು ಅವನಿಗೆ ಕೇಳಿಸುತ್ತಿತ್ತು. ನಾಚಿಕೆಯೂ ಆಗುತ್ತಿತ್ತು. ಆದರೆ ನಾಚಿಕೆಗಿಂತ ಹೆದರಿಕೆಯ ಕೈ ಮೇಲಾಗಿತ್ತು.

ಒಂದು ದಿನ ನಂದಕುಮಾರ ಮನೆಯಲ್ಲಿರಲಿಲ್ಲ. ಯಶವಂತಪುರ ಯಾರ್ಡಿನಲ್ಲಿ ಸೊಣ್ಣಪ್ಪ ಎಂಬವರ ಈರುಳ್ಳಿ ಮಂಡಿಯಲ್ಲಿ ಕೆಲಸ ಸಿಕ್ಕಿದೆ, ಅಲ್ಲಿಗೆ ಹೋಗಿದ್ದಾನೆ ಎಂದು ಪಕ್ಕದ ಮನೆಯವರು ಹೇಳಿದರು. ಸಂತೋಷಪಡಬೇಕಾದ ಬಾಲರಾಜು ಕಾರನ್ನು ಸೀದಾ ಯಾರ್ಡಿಗೆ ತಿರುಗಿಸಿದ. ಮೂಟೆಗಳ ಮಧ್ಯೆ ನಂದಕುಮಾರನ ಬೆನ್ನು ಕಂಡಿತು. ಕಂಡ ಮೇಲೆ ವಾಪಸ್ ಹೋಗಬಹುದಿತ್ತು. ಆದರೆ ಸೊಣ್ಣಪ್ಪ ಕುರ್ಚಿ ಕೊಟ್ಟು, ಟೀ ತರಿಸಿ, "ತಾವು ಯಾರು?" ಎಂದು ಮರ್ಯಾದೆಯಿಂದ ಕೇಳಿದರು. ಯಾರಾದರೂ ಹಾಗೆ ಕೇಳಿದರೆ ಬಾಲರಾಜುವಿಗೆ ಗಾಳಿಯೇ ಮೈಕು.

"ನಮ್ಮ ನಂದನಿಗೆ ಜಾಮೀನು ಕೊಟ್ಟು ಜೈಲಿಂದ ಬಿಡಿಸ್ಕೊಂಡ್ ಬಂದೋನೇ ನಾನು ಸ್ವಾಮಿ. ಬಂಗಾರದಂಥ ಹುಡ್ಗ. ಚೆನ್ನಾಗಿ ನೋಡ್ಕೊಳ್ಳಿ!"

ಸೊಣ್ಣಪ್ಪನ ಮುಖ ಸ್ವಲ್ಪ ಬದಲಾಯಿತು. ಟೀ ಚೆನ್ನಾಗಿತ್ತು.

ಎರಡು ದಿನ ಬಿಟ್ಟು ಸರಳಾ ಫೋನ್ ಮಾಡಿದಳು. "ಬಾಲರಾಜಣ್ಣ, ಮಂಡಿಗೆ ಯಾಕ್ ಹೋಗಿದ್ರಿ? ಹೇಳಿ ಕಳಿಸ್ತೀನಿ, ಆಗ ಬಾ ಅಂದ್ರಂತೆ ಸೊಣ್ಣಪ್ಪ ನಂದನಿಗೆ. ಇನ್ನು ಯಾವತ್ತು ಹೇಳಿ ಕಳಿಸ್ತಾರೆ?"

"ಅಯ್ಯೋ, ನಾನು ಹೊಗಳಿ ಬಂದೆ ಕಣಮ್ಮಾ!"

"ನೀವು ಜಾಮೀನು ಕೊಟ್ಟಿದ್ದೀರ ಅಣ್ಣಾ, ಅವನನ್ನ ಕೊಂಡ್ಕೊಂಡಿಲ್ಲ."

ಸರಳಾ ಇನ್ನಷ್ಟು ಬೈದಿದ್ದರೆ ಒಳ್ಳೆಯದಿತ್ತು. ಕೈದಿಗಳಿಗೆ ಹೊರಗೆ ಬಂದ ಮೇಲೆ ಯಾರೂ ಕೆಲಸ ಕೊಡುವುದಿಲ್ಲ ಎಂದು ಬಾಲರಾಜು ಎಷ್ಟು ಭಾನುವಾರ ಗಂಟಲು ಹರಿದುಕೊಂಡಿದ್ದ! ಸಿಕ್ಕಿದ್ದ ಒಂದು ಕೆಲಸವನ್ನು ಟೀ ಕುಡಿಯುತ್ತಾ ಕಳೆದುಬಂದಿದ್ದ. ಇಷ್ಟಾದರೂ ಅವನ ಬಾಯಿಂದ ಬಂದದ್ದು ಬೇರೆಯೇ ಪ್ರಶ್ನೆ.

"ಸುಮ್ನೆ ಕೇಳ್ತೀನಿ ಸರಳಾ, ಜಾಮೀನು ವಾಪಸ್ ತಗೋಬೇಕು ಅಂದ್ರೆ ಆಗುತ್ತಾ?"

"ಆಗುತ್ತೆ. ಬೇರೆಯವರು ಸಿಗೋ ತನ್ಕ ಅವನು ಒಳಗೆ ಹೋಗ್ತಾನೆ, ಅಷ್ಟೆ," ಎಂದು ಅವಳು ಫೋನಿಟ್ಟಳು.

ಅಂದಿನಿಂದ ಬಾಲರಾಜು ಮತ್ತಿಕೆರೆಗೆ ಹೋಗುವುದನ್ನು ಬಿಟ್ಟ. ಅಂದರೆ, ಮನೆಯವರೆಗೆ ಹೋಗುವುದನ್ನು ಬಿಟ್ಟ. ರಸ್ತೆಯ ತುದಿಯ ಬೇಕರಿಯಲ್ಲಿ ನಿಂತು, ಬಾಗಿಲಿಗೆ ಬೀಗ ಬಿದ್ದಿದೆಯೋ ಇಲ್ಲವೋ ನೋಡಿಕೊಂಡು ಬರುತ್ತಿದ್ದ. ದಿಲ್‌ಪಸಂದ್ ತಿಂದು ತಿಂದು ಸಕ್ಕರೆ ಕಾಯಿಲೆಯ ಮಾತ್ರೆ ಹೆಚ್ಚಿಸಬೇಕಾಯಿತು. ಸಮಾಜಸೇವೆಗೆ ಮೈ ಸವೆಸುವುದು ಎಂದರೆ ಇದೇ ಇರಬೇಕು ಎಂದು ತನ್ನನ್ನೇ ಹಂಗಿಸಿಕೊಂಡ.

ಕೋರ್ಟಿನ ತಾರೀಖು ಬಂತು. ತಾನೇ ಕಾರಿನಲ್ಲಿ ಕರೆದುಕೊಂಡು ಹೋಗುವುದಾಗಿ ಬಾಲರಾಜು ಹಿಂದಿನ ದಿನ ಫೋನಿನಲ್ಲಿ ಹೇಳಿದ್ದ. "ಯಾಕ್ ಸಾರ್ ತೊಂದ್ರೆ, ನಾವೇ ಬಸ್ಸಲ್ಲಿ ಹೋಗ್ತೀವಿ," ಎಂದಿದ್ದ ನಂದಕುಮಾರ. ಅದನ್ನು ಬಾಲರಾಜು ಸಂಕೋಚದ ಮಾತು ಎಂದುಕೊಂಡಿದ್ದ. ಬೆಳಗ್ಗೆ ಹೋಗಿ ನೋಡಿದರೆ ಬಾಗಿಲಿಗೆ ಬೀಗ. ಫೋನ್ ಮಾಡಿದರೆ ಸ್ವಿಚ್ ಆಫ್. ಧನಲಕ್ಷ್ಮಿಯದೂ ಸ್ವಿಚ್ ಆಫ್.

ಅವನು ಕಾರನ್ನು ಕೋರ್ಟಿನ ಕಡೆ ತಿರುಗಿಸಿದ. ಮೇಖ್ರಿ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಕೂತಾಗ ಅಪ್ಪನ ಸಮಾಧಿ, ತಮಟೆ, ಸುತ್ತ ನಿಂತು ನೋಡುವ ದಾಯಾದಿಗಳು ಎಲ್ಲ ಕಣ್ಣಿಗೆ ಕಟ್ಟಿದಂತಾಯಿತು. ನಂದಕುಮಾರ ಓಡಿಹೋದ ಅಂತ ಕೋರ್ಟಿಗೆ ಗೊತ್ತಾಗುವ ಮೊದಲೇ ತಾನೇ ಹೋಗಿ ಹೇಳಿಬಿಟ್ಟರೆ ಜಮೀನು ಉಳಿಯಬಹುದು. ಸರಳಾಳಿಗೆ ಒಂದು ಫೋನ್ ಮಾಡಬೇಕು ಎಂದು ಹೊಳೆಯಲೇ ಇಲ್ಲ.

ಕೋರ್ಟ್ ಹಾಲಿನೊಳಗೆ ಏದುಸಿರು ಬಿಡುತ್ತಾ ನುಗ್ಗಿದ. ಬೇರೆ ಯಾವುದೋ ಕೇಸು ನಡೆಯುತ್ತಿತ್ತು. ಬಾಲರಾಜು ವಕೀಲರ ಸಾಲನ್ನು ಸೀಳಿಕೊಂಡು ಮುಂದೆ ಹೋಗಿ ಕೈ ಮುಗಿದ.

"ಸ್ವಾಮಿ! ನಾನು ಜಾಮೀನುದಾರ ಬಾಲರಾಜು. ಆಸಾಮಿ ನಂದಕುಮಾರ್ ತಪ್ಪಿಸ್ಕೊಂಡಿದ್ದಾನೆ ಸ್ವಾಮಿ. ಮನೆಗೆ ಬೀಗ, ಫೋನ್ ಸ್ವಿಚ್ ಆಫ್. ನಂದೇನೂ ತಪ್ಪಿಲ್ಲ. ನನ್ನ ಜಾಮೀನು ವಾಪಸ್ ಕೊಟ್ಬಿಡಿ!"

ಕೊನೆಯ ಬೆಂಚಿನಿಂದ ಒಂದು ದನಿ ಬಂತು.

"ಇಲ್ಲೇ ಇದ್ದೀನಿ ಸ್ವಾಮಿ."

ನಂದಕುಮಾರ ಕೈಯೆತ್ತಿ ನಿಂತಿದ್ದ. ಪಕ್ಕದಲ್ಲಿ ಧನಲಕ್ಷ್ಮಿ. ಬಾಗಿಲು ತೆರೆಯುವ ಮೊದಲೇ ಬಂದು, ಕೋರ್ಟಿನೊಳಗೆ ಫೋನ್ ರಿಂಗಾಗಬಾರದೆಂದು ಇಬ್ಬರೂ ಆಫ್ ಮಾಡಿಕೊಂಡು ಕೂತಿದ್ದರು. ಹಾಲಿನ ತುಂಬ ನಗು ಎದ್ದಿತು. ಬೇರೆ ಯಾರಾದರೂ ಹೀಗೆ ಪೆದ್ದುಪೆದ್ದಾಗಿ ನಿಂತಿದ್ದರೆ ಬಾಲರಾಜುವೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಮ್ಯಾಜಿಸ್ಟ್ರೇಟರು ನಗಲಿಲ್ಲ. "ಜಾಮೀನು ವಾಪಸ್ ಅಂದ್ರಿ. ತಗೋತೀರಾ? ಬೇರೆ ಜಾಮೀನುದಾರರು ಇಲ್ಲ ಅಂದ್ರೆ ಇವರನ್ನ ಕಸ್ಟಡಿಗೆ ಕಳಿಸ್ಬೇಕಾಗುತ್ತೆ. ಯೋಚ್ನೆ ಮಾಡಿ ಹೇಳಿ."

ನಂದಕುಮಾರನ ವಕೀಲೆಯಾಗಿ ಅಲ್ಲೇ ಕೂತಿದ್ದ ಸರಳಾ ಎದ್ದು ಏನೋ ಹೇಳಲು ಹೋದಳು. ಅವರು ಕೈಸನ್ನೆಯಲ್ಲಿ ತಡೆದರು. ಉತ್ತರ ಬಾಲರಾಜುವೇ ಹೇಳಬೇಕಿತ್ತು. ನಿಜ ಹೇಳಬೇಕೆಂದರೆ, ಇಷ್ಟೆಲ್ಲ ಮಾನ ಹೋದ ಮೇಲೂ ‘ಹೌದು’ ಎಂಬ ಮಾತು ಅವನ ನಾಲಿಗೆಯ ತುದಿಯಲ್ಲೇ ಇತ್ತು. ಹೌದು ಎಂದುಬಿಟ್ಟರೆ ತಮಟೆ ನಿಲ್ಲುತ್ತದೆ. ಹೊಲ ಉಳಿಯುತ್ತದೆ. ಗಂಗರತ್ನಮ್ಮ ಮುಖ ಕೊಟ್ಟು ಮಾತಾಡುತ್ತಾಳೆ.

ಅವನು ಹಿಂದಕ್ಕೆ ತಿರುಗಿ ನೋಡಿದ. ನಂದಕುಮಾರ ಕೈಗಡಿಯಾರ ಬಿಚ್ಚಿ ಹೆಂಡತಿಗೆ ಕೊಡುತ್ತಿದ್ದ. ಆಮೇಲೆ ಸೊಂಟದ ಬೆಲ್ಟು ಬಿಚ್ಚಿದ. ಜೇಬಿನಿಂದ ಫೋನು ತೆಗೆದ. ಒಳಗೆ ಏನೇನು ಬಿಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಧನಲಕ್ಷ್ಮಿ ಒಂದೊಂದನ್ನೇ ತೆಗೆದುಕೊಂಡು ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದಳು. ಅಳಲಿಲ್ಲ, ಬೇಡಿಕೊಳ್ಳಲಿಲ್ಲ, ಬಾಲರಾಜುವಿನ ಕಡೆ ನೋಡಲೂ ಇಲ್ಲ. ಅವನು ಇಲ್ಲ ಎನ್ನಬಹುದು ಎಂಬ ಯೋಚನೆಯೇ ಅವರಿಗೆ ಬಂದಂತಿರಲಿಲ್ಲ.

ಇಷ್ಟು ಕೀಳಾಗಿ ಬಾಲರಾಜು ತನ್ನನ್ನು ಬದುಕಿನಲ್ಲಿ ಎಂದೂ ಕಂಡುಕೊಂಡಿರಲಿಲ್ಲ.

"ಬೇಡ ಸ್ವಾಮಿ. ಜಾಮೀನು ಇರ್ಲಿ."

"ಧೈರ್ಯ ಇದ್ಯೇನ್ರೀ?"

"ಧೈರ್ಯ ಇಲ್ಲ ಸ್ವಾಮಿ, ಭಯಾನೇ ಇರೋದು. ಆದ್ರೂ ಇರ್ಲಿ."

ಅವನ ಜೀವಮಾನದಲ್ಲೇ ಅಷ್ಟು ಚಿಕ್ಕ ಭಾಷಣ ಇನ್ನೊಂದಿರಲಿಲ್ಲ. ಕೇಸಿಗೆ ಮುಂದಿನ ತಾರೀಖು ಬಿತ್ತು.

ಹೊರಗಿನ ಕಾರಿಡಾರಿನಲ್ಲಿ ಬಾಲರಾಜು ಅವರಿಬ್ಬರ ಮುಂದೆ ನಿಂತ. ಕ್ಷಮೆ ಕೇಳಲು ಏನೇನೋ ಜೋಡಿಸಿಕೊಂಡಿದ್ದ. ಧನಲಕ್ಷ್ಮಿ ಮೊದಲು ಮಾತಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತು ಇತ್ತು.

"ಅಣ್ಣಾ, ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಇವ್ರು ಒಳಗಿದ್ದಾಗ ನೋಡಕ್ಕೆ ಬಿಡೋ ಮುಲಾಖಾತು ವಾರಕ್ಕೊಂದ್ ಸಲ ಇರ್ತಿತ್ತು. ಆಚೆ ಬಂದ್ಮೇಲೆ ದಿನಾ ಆಯ್ತು. ಆ ಬೇಕರೀಲಿ ನಿಂತ್ಕೊಳ್ಳೋದು ನಮ್ಗೆ ಕಾಣ್ಸುತ್ತೆ ಅಣ್ಣಾ."

ಬಾಲರಾಜು ತಲೆ ತಗ್ಗಿಸಿದ. "ಇನ್ಮೇಲೆ ಬರಲ್ಲಮ್ಮ. ನಂಗೆ ಹೆದ್ರಿಕೆ ಆಗ್ಬಿಟ್ಟಿತ್ತು. ಇವನು ಎಲ್ಲಿ ಓಡೋಗ್ತಾನೋ ಅಂತ ನಿದ್ದೇನೇ ಇರ್ಲಿಲ್ಲ."

"ನಮ್ಗೂ ಇಲ್ಲ ಸಾರ್," ಎಂದ ನಂದಕುಮಾರ. "ನೀವೆಲ್ಲಿ ಕೈ ಬಿಟ್ಟು ಓಡೋಗ್ತೀರೋ ಅಂತ. ನೀವು ಬಂದಾಗೆಲ್ಲ, ಇವತ್ತು ಜಾಮೀನು ವಾಪಸ್ ಅಂತ ಹೇಳಕ್ಕೇ ಬಂದಿದ್ದಾರೆ ಅಂದ್ಕೊಂಡೇ ಇವ್ಳು ಚಾಪೆ ಹಾಸ್ತಿದ್ದಿದ್ದು."

ಇದನ್ನು ಬಾಲರಾಜು ಯೋಚಿಸಿಯೇ ಇರಲಿಲ್ಲ. ತಾನು ಓಡಿಹೋಗಬಲ್ಲವನು ಎಂದು ಈವರೆಗೆ ಯಾರೂ ಅವನಿಗೆ ಹೇಳಿರಲಿಲ್ಲ.

"ಇಲ್ಲ ಕಣೋ ನಂದಾ. ಕೇಸ್ ಮುಗಿಯೋ ತನ್ಕ ಇರ್ತೀನಿ. ನನ್ನ ನಂಬು," ಎಂದ.

ನಂದಕುಮಾರ ಹೆಂಡತಿಯ ಬ್ಯಾಗಿನಿಂದ ಬೆಲ್ಟು ತೆಗೆದು ಸೊಂಟಕ್ಕೆ ಹಾಕಿಕೊಂಡ. ಗಡಿಯಾರ ಕಟ್ಟಿಕೊಂಡ. ಫೋನನ್ನು ಮಾತ್ರ ಇನ್ನೂ ಆನ್ ಮಾಡಲಿಲ್ಲ.

"ನೋಡ್ತೀವಿ ಸಾರ್," ಎಂದು ಹೇಳಿ, ಹೆಂಡತಿಯ ಜೊತೆ ಬಸ್‌ಸ್ಟಾಪಿನ ಕಡೆ ನಡೆದ.